ಹಳಿ ಇದ್ದರೆ ಸಾಲದು, ಶೆಡ್ ಬೇಕು: ಉಗಿಬಂಡಿ ಕಾಲದ ಒಂದು ಲೆಕ್ಕ

(ಈ ವಾರದ ಪಾಡ್‌ಕಾಸ್ಟ್ ಮಾತಿನ ಬರಹರೂಪ)

ಭದ್ರಾವತಿಯಲ್ಲಿ ಇವತ್ತು ಬೆಳಗ್ಗೆಯಿಂದ ಜಿಟಿಜಿಟಿ ಮಳೆ. ನನ್ನ ರೂಮಿನ ಮೇಲೆ ಶೀಟ್ ಇದೆ, ಹಾಗಾಗಿ ಹಿಂದೆ ಸದ್ದು ಕೇಳಿದರೆ ಅದು ಮಳೆ ಅಂತ ತಿಳ್ಕೊಳ್ಳಿ.

ಶಿವಮೊಗ್ಗ ಟೌನ್ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಹತ್ತು ನಿಮಿಷ ನಿಂತರೆ ಸಾಕು, ಒಂದು ಪ್ರಶ್ನೆ ಕಿವಿಗೆ ಬಿದ್ದೇ ಬೀಳುತ್ತೆ. "ನಮ್ಮೂರಿಂದ ಇನ್ನೊಂದಿಷ್ಟು ರೈಲು ಯಾಕೆ ಬಿಡಲ್ಲ? ಹಳಿ ಇದೆ, ಪ್ಲಾಟ್‌ಫಾರ್ಮ್ ಇದೆ, ಹತ್ತೋಕೆ ಜನ ಇದ್ದಾರೆ, ಇನ್ನೇನು ಬೇಕು?" ನಾನೂ ಕಾಲೇಜಿಗೆ ಓಡಾಡುವಾಗ ಇದನ್ನೇ ಕೇಳ್ತಿದ್ದೆ. ಉತ್ತರ ಸಿಕ್ಕಿದ್ದು ನಮ್ಮ ತಾತನಿಂದ. ಅದೂ ಅವರು ತೀರಿಕೊಂಡು ಎಷ್ಟೋ ವರ್ಷ ಆದಮೇಲೆ.

ಅರಸೀಕೆರೆ ತಾತ, ಅಂದ್ರೆ ನಮ್ಮಮ್ಮನ ಅಪ್ಪ, ರೈಲ್ವೆಯಲ್ಲಿದ್ರು. 1951ರಲ್ಲಿ ಮೈಸೂರು ಸಂಸ್ಥಾನದ ರೈಲ್ವೆ ಹೊಸ ದಕ್ಷಿಣ ರೈಲ್ವೆಯೊಳಗೆ ಸೇರಿತಲ್ಲ, ಅದಾದ ಸ್ವಲ್ಪ ದಿನಕ್ಕೆ ಅರಸೀಕೆರೆ ಲೋಕೋ ಶೆಡ್ಡಿಗೆ ಕ್ಲೀನರ್ ಆಗಿ ಸೇರಿದ್ರು. ಇಂಜಿನ್ ಒರೆಸೋ ಹುಡುಗ. ಆಮೇಲೆ ಫೈರ್‌ಮನ್, ಕೊನೆಗೆ ಡ್ರೈವರ್. ನಾನು ಹುಟ್ಟೋ ಹೊತ್ತಿಗೆ ರಿಟೈರ್ ಆಗಿದ್ರು. ನನ್ನ ಹತ್ರ ಅವರದ್ದು ಇರೋದು ಒಂದೇ ರೆಕಾರ್ಡಿಂಗ್, ಹನ್ನೊಂದು ನಿಮಿಷದ್ದು. ಸೆಕೆಂಡ್ ಬಿಕಾಂನಲ್ಲಿದ್ದಾಗ ಹೊಸ ಫೋನ್ ಬಂದಿತ್ತು, ಮೈಕ್ ಹೇಗಿದೆ ನೋಡೋಣ ಅಂತ ಸುಮ್ಮನೆ ಮಾತಾಡಿಸಿದ್ದೆ. ಮಧ್ಯೆ ಎರಡು ಸಲ ಕುಕ್ಕರ್ ಕೂಗುತ್ತೆ. ಆ ರೆಕಾರ್ಡಿಂಗ್ ಇಟ್ಕೊಂಡೇ ಇವತ್ತಿನ ಮಾತು.

ಅದರಲ್ಲಿ ನಾನು ಕೇಳ್ತೀನಿ: "ತಾತ, ಇಂಜಿನ್ ತಗೊಂಡು ಎಷ್ಟು ದೂರ ಹೋಗಿದ್ದೀರಿ?" ಅವರು ಹೇಳ್ತಾರೆ: "ಎಷ್ಟು ದೂರ ಅಲ್ಲ ಕಣಪ್ಪ. ಎಲ್ಲಿಗೆ ಹೋದ್ರೂ ಅದು ಅರಸೀಕೆರೆ ಇಂಜಿನ್ನು. ವಾಪಸ್ ಬರಲೇಬೇಕು."

ಆವಾಗ ನನಗೆ ಅರ್ಥ ಆಗಲಿಲ್ಲ. ಇಂಜಿನ್ ಅಂದ್ರೆ ಸರ್ಕಾರದ್ದು, ಇವತ್ತು ಇಲ್ಲಿ, ನಾಳೆ ಅಲ್ಲಿ ಅಂದ್ಕೊಂಡಿದ್ದೆ. ಹಾಗಲ್ಲ. ಪ್ರತಿಯೊಂದು ಇಂಜಿನ್ನಿಗೂ ಒಂದು ಮನೆ ಇರ್ತಿತ್ತು, ರೈಲ್ವೆ ಭಾಷೆಯಲ್ಲಿ ಹೋಮ್ ಶೆಡ್. ಇಂಥ ನಂಬರಿನ ಇಂಜಿನ್ ಇಂಥ ಶೆಡ್ಡಿಗೆ ಸೇರಿದ್ದು ಅಂತ ಪುಸ್ತಕದಲ್ಲಿ ಬರೆದಿರ್ತಿತ್ತು, ಇಂಜಿನ್ನಿನ ಮೇಲೂ ಆ ಶೆಡ್ಡಿನ ಗುರುತಿನ ಅಕ್ಷರ ಬಳಿದಿರ್ತಿತ್ತು. ಅದರ ರಿಪೇರಿ, ಕಲ್ಲಿದ್ದಲು, ನೀರು, ಅದನ್ನು ಓಡಿಸೋ ಜನ, ಎಲ್ಲದರ ಹೊಣೆ ಆ ಶೆಡ್ಡಿನದು.

ನಾನು ಬಿಕಾಂ ಮುಗಿಸಿ ಸ್ವಲ್ಪ ದಿನ ಒಂದು ಆಡಿಟ್ ಆಫೀಸಿನಲ್ಲಿದ್ದೆ. ಅಲ್ಲಿ ಫಿಕ್ಸೆಡ್ ಅಸೆಟ್ ರಿಜಿಸ್ಟರ್ ಅಂತ ಒಂದು ಪುಸ್ತಕ ಇರುತ್ತೆ. ಯಾವ ಆಸ್ತಿ, ಯಾವಾಗ ತಗೊಂಡಿದ್ದು, ಎಷ್ಟಕ್ಕೆ, ಎಷ್ಟು ಸವಕಳಿ, ಕೊನೆಗೆ 'ಲೊಕೇಶನ್' ಅಂತ ಒಂದು ಕಾಲಂ. ಆ ಕಾಲಂ ಅನ್ನು ಯಾರೂ ಗಮನ ಇಟ್ಟು ನೋಡಲ್ಲ. ನಾನೂ ನೋಡ್ತಿರಲಿಲ್ಲ. ಆದರೆ ಒಂದು ಊರಿನ ಮಟ್ಟಿಗೆ ಇಡೀ ಪುಸ್ತಕದಲ್ಲಿ ಮುಖ್ಯವಾದದ್ದು ಆ ಕಾಲಂ ಒಂದೇ. ಆಸ್ತಿ ಯಾರದ್ದಾದರೂ ಆಗಿರಲಿ, ಅದು ಇರೋದು ಯಾವ ಊರಲ್ಲಿ? ಸಂಬಳ ಬಟವಾಡೆ ಆಗೋದು ಆ ಊರಲ್ಲಿ.

ಈಗ ಉಗಿ ಇಂಜಿನ್ನಿಗೆ ಮನೆ ಯಾಕೆ ಬೇಕಿತ್ತು ಅನ್ನೋದಕ್ಕೆ ಬರೋಣ.

ಮಲೆನಾಡಿನವರಿಗೆ ಇದನ್ನ ಹೇಳೋದು ಸುಲಭ. ನಿಮ್ಮ ಬಚ್ಚಲು ಮನೆಯ ಹಂಡೆ ನೆನಪು ಮಾಡ್ಕೊಳ್ಳಿ. ಏಳು ಗಂಟೆಗೆ ಬಿಸಿನೀರು ಬೇಕು ಅಂದ್ರೆ ಐದೂವರೆಗೆ ಒಬ್ಬರು ಎದ್ದು ಒಲೆ ಹಚ್ಚಬೇಕು. ಸ್ವಿಚ್ ಒತ್ತಿದ ಕೂಡಲೇ ಬರಲ್ಲ. ಉಗಿ ಇಂಜಿನ್ ಅಂದ್ರೆ ಚಕ್ರದ ಮೇಲಿರೋ ಹಂಡೆ, ಆದರೆ ಸಾವಿರಾರು ಲೀಟರಿನದು. ತಣ್ಣಗಿರೋ ಬಾಯ್ಲರಿಗೆ ಬೆಂಕಿ ಹಾಕಿ ಉಗಿ ಏರಿಸೋಕೆ ಆರೇಳು ಗಂಟೆ ಹಿಡೀತಿತ್ತು. ಆತುರ ಮಾಡೋ ಹಾಗೂ ಇಲ್ಲ. ಒಂದು ಕಡೆ ಬೇಗ ಕಾದು ಇನ್ನೊಂದು ಕಡೆ ತಣ್ಣಗಿದ್ದರೆ ತಗಡು, ಕೊಳವೆ ಎಲ್ಲ ಬಿರುಕು ಬಿಡುತ್ತೆ. ಮೊದಲು ಸೌದೆ, ಎಣ್ಣೆಯಲ್ಲಿ ಅದ್ದಿದ ಹತ್ತಿ ವೇಸ್ಟು, ಅದು ಹತ್ತಿಕೊಂಡ ಮೇಲೆ ಸ್ವಲ್ಪ ಸ್ವಲ್ಪವಾಗಿ ಕಲ್ಲಿದ್ದಲು. ಬೆಳಗ್ಗೆ ಆರಕ್ಕೆ ರೈಲು ಹೊರಡಬೇಕು ಅಂದ್ರೆ ಹಿಂದಿನ ರಾತ್ರಿ ಹನ್ನೊಂದಕ್ಕೆ ಶೆಡ್ಡಿನಲ್ಲಿ ಯಾರೋ ಒಬ್ಬ ಬೆಂಕಿ ಮುಂದೆ ಕೂತಿರ್ತಿದ್ದ. ರೈಲು ಹತ್ತೋರಿಗೆ ಅವನ ಮುಖ ಯಾವತ್ತೂ ಕಾಣ್ತಿರಲಿಲ್ಲ.

ಎರಡನೇದು ನೀರು. ಹಂಡೆ ಒಳಗೆ ಬಿಳಿ ಪದರ ಕಟ್ಟುತ್ತಲ್ಲ, ಬಾಯ್ಲರ್ ಒಳಗೂ ಹಾಗೇ. ನೀರು ಗಡಸಾದಷ್ಟೂ ಪದರ ದಪ್ಪ. ದಪ್ಪ ಆದಷ್ಟೂ ಶಾಖ ನೀರಿಗೆ ತಲುಪಲ್ಲ, ಕಲ್ಲಿದ್ದಲು ಜಾಸ್ತಿ ಸುಡುತ್ತೆ, ತಗಡು ಅತಿಯಾಗಿ ಕಾಯುತ್ತೆ. ಹಾಗಾಗಿ ಕೆಲವು ದಿನಕ್ಕೊಮ್ಮೆ ಇಂಜಿನ್ ನಿಲ್ಲಿಸಿ, ಬೆಂಕಿ ತೆಗೆದು, ಪೂರ್ತಿ ತಣ್ಣಗೆ ಮಾಡಿ, ಬಾಯ್ಲರಿನ ಬಿರಡೆ ಬಿಚ್ಚಿ, ಜೋರಾಗಿ ನೀರು ಹೊಡೆದು ಒಳಗಿನ ಕೆಸರು, ಪದರ ಎಲ್ಲ ಹೊರಗೆ ತೆಗೀಬೇಕು. ಇದಕ್ಕೆ ವಾಷ್‌ಔಟ್ ಅಂತಾರೆ. ತಾತ ರೆಕಾರ್ಡಿಂಗ್‌ನಲ್ಲಿ ಹೇಳೋ ಒಂದು ಮಾತು: "ನಮ್ಮ ಕಡೆ ಬಾವಿ ನೀರು ಹೊಟ್ಟೆಗೂ ಆಗ್ತಿರಲಿಲ್ಲ, ಇಂಜಿನ್ನಿಗೂ ಆಗ್ತಿರಲಿಲ್ಲ. ಶಿವಮೊಗ್ಗದ ನೀರು ಅಂದ್ರೆ ಇಂಜಿನ್ ಖುಷಿಯಾಗಿ ಕುಡೀತಿತ್ತು." ತುಂಗೆ ನೀರಿನ ಬಗ್ಗೆ ನಾವು ಹೇಳೋ ಹಳೇ ಮಾತು ಇಂಜಿನ್ನಿಗೂ ಅನ್ವಯ ಆಗ್ತಿತ್ತು ಅನ್ನಿ.

ಮೂರನೇದು ಬೂದಿ. ಕಲ್ಲಿದ್ದಲು ಸುಟ್ಟರೆ ಬೂದಿ ಬೀಳುತ್ತೆ, ಕಿಟ್ಟ ಕಟ್ಟುತ್ತೆ. ಅದು ಒಲೆಯ ತಳದ ಸರಳಿಗೆ ಅಂಟಿಕೊಂಡ್ರೆ ಗಾಳಿ ಆಡಲ್ಲ, ಬೆಂಕಿ ಏಳಲ್ಲ. ಒಂದು ದಿನದ ಓಟ ಮುಗಿದ ಮೇಲೆ ಹಳಿಗಳ ಮಧ್ಯೆ ಇರೋ ಗುಂಡಿ ಮೇಲೆ ಇಂಜಿನ್ ನಿಲ್ಲಿಸಿ, ಉದ್ದನೆ ಸಲಾಕೆಯಿಂದ ಕಿಟ್ಟ ಒಡೆದು ಕೆಳಗೆ ಎಳೀಬೇಕು. ಇನ್ನೂ ಕೆಂಡ ಆಗಿರೋ ಕಿಟ್ಟ ಅದು. ಮುಂದಿನ ಹೊಗೆಪೆಟ್ಟಿಗೆ ಬಾಗಿಲು ತೆಗೆದು ಮಸಿ ತೋಡಬೇಕು. ಕೊಳವೆಗಳ ಒಳಗೆ ಸಲಾಕೆ ಹಾಕಿ ಗುಡಿಸಬೇಕು. ಕೀಲು ಕೀಲಿಗೂ ಎಣ್ಣೆ ಬಿಡಬೇಕು. ಆಮೇಲೆ ಇಂಜಿನ್ನಿನ ಮುಖ ತಿರುಗಿಸಬೇಕು. ಉಗಿ ಇಂಜಿನ್ನಿಗೆ ಮುಂದೆ ಹಿಂದೆ ಅಂತ ಇದೆ, ಹಿಂದುಮುಂದಾಗಿ ಓಡಿಸಿದರೆ ಕಲ್ಲಿದ್ದಲು ಟೆಂಡರ್ ಅಡ್ಡ ಬಂದು ಡ್ರೈವರಿಗೆ ಹಳಿ ಸರಿಯಾಗಿ ಕಾಣಲ್ಲ. ಅದಕ್ಕೆ ಟರ್ನ್‌ಟೇಬಲ್, ಇಲ್ಲಾಂದ್ರೆ ತ್ರಿಕೋನದ ಆಕಾರದಲ್ಲಿ ಹಾಕಿದ ಹಳಿ.

ಇಷ್ಟಕ್ಕೂ ಎಷ್ಟು ಜನ ಬೇಕು ಲೆಕ್ಕ ಹಾಕಿ. ಬೆಂಕಿ ಹಾಕೋನು, ಬೂದಿ ತೆಗೆಯೋನು, ಕಲ್ಲಿದ್ದಲು ಹೊರೋರು, ಬಾಯ್ಲರ್ ಕೆಲಸದವನು, ಫಿಟ್ಟರ್, ಅವನ ಕೈಕೆಳಗೆ ಖಲಾಸಿಗಳು, ಕ್ಲೀನರ್‌ಗಳು, ಸ್ಟೋರ್ಸ್ ಗುಮಾಸ್ತ, ಇವರೆಲ್ಲರ ಮೇಲೆ ಲೋಕೋ ಫೋರ್‌ಮನ್. ಜೊತೆಗೆ ಕಾಲ್‌ಬಾಯ್. ಹೆಸರಿಗೆ ಬಾಯ್, ಐವತ್ತು ವರ್ಷದವನೂ ಇರಬಹುದು. ರಾತ್ರಿ ಎರಡು ಗಂಟೆಗೆ ಡ್ರೈವರ್, ಫೈರ್‌ಮನ್ ಮನೆ ಬಾಗಿಲು ತಟ್ಟಿ, ಇಷ್ಟು ಗಂಟೆಗೆ ಇಂಥ ಗಾಡಿ ಅಂತ ಹೇಳಿ, ಪುಸ್ತಕದಲ್ಲಿ ಸಹಿ ತಗೊಂಡು ಹೋಗೋನು. ಮನೆಗಳಲ್ಲಿ ಫೋನ್ ಇಲ್ಲದ ಕಾಲ. ತಾತ ರಿಟೈರ್ ಆದ ಮೇಲೂ ಎಷ್ಟೋ ವರ್ಷ ರಾತ್ರಿ ಎರಡೂವರೆಗೆ ಎದ್ದು ಮಂಚದ ಮೇಲೆ ಕೂತಿರ್ತಿದ್ರು. ಅಜ್ಜಿ ಆ ಕಡೆಯಿಂದ, "ಕಾಲ್‌ಬಾಯ್ ಬಂದಿಲ್ಲ ಕಣ್ರೀ, ಮಲಗಿ" ಅಂತಿದ್ರು. ಇದು ನಾನೇ ಕೇಳಿಸ್ಕೊಂಡಿರೋದು.

ಇಂಜಿನ್ ಒಂದು ಗಂಟೆ ಓಡಬೇಕಾದರೆ ಅದರ ಹಿಂದೆ ಶೆಡ್ಡಿನಲ್ಲಿ ಎಷ್ಟೋ ಜನರ ಎಷ್ಟೋ ಗಂಟೆ ದುಡಿಮೆ ಇರ್ತಿತ್ತು. ಆ ಕೆಲಸವನ್ನು ದೂರದ ಊರಲ್ಲಿ ಮಾಡಿ ತರೋಕೆ ಆಗ್ತಿರಲಿಲ್ಲ. ಅದಕ್ಕೇ ದಾರಿಯುದ್ದಕ್ಕೂ ಶೆಡ್‌ಗಳು. ನಮ್ಮ ಭಾಗದ ಮೀಟರ್‌ಗೇಜಿನಲ್ಲಿ ಹುಬ್ಬಳ್ಳಿ, ಅರಸೀಕೆರೆ, ಮೈಸೂರು ಇವೆಲ್ಲ ಇಂಜಿನ್‌ಗಳು ಮಲಗಿ ಏಳೋ ಊರುಗಳು. ದೊಡ್ಡ ರಿಪೇರಿಗೆ, ಅಂದ್ರೆ ಇಡೀ ಇಂಜಿನ್ ಬಿಚ್ಚಿ ಜೋಡಿಸೋ ಕೆಲಸಕ್ಕೆ, ವರ್ಕ್‌ಶಾಪ್. ಹುಬ್ಬಳ್ಳಿಯಲ್ಲಿ ಸದರನ್ ಮರಾಠಾ ರೈಲ್ವೆ 1880ರ ದಶಕದಲ್ಲೇ ಕಟ್ಟಿತ್ತು. ಮೈಸೂರಿನಲ್ಲಿ ಸಂಸ್ಥಾನದವರು 1920ರ ದಶಕದಲ್ಲಿ ಅಶೋಕಪುರಂ ಹತ್ತಿರ ಕಟ್ಟಿದರು. ಇವೆರಡೂ ಇವತ್ತಿಗೂ ಕೆಲಸ ಮಾಡ್ತಿವೆ.

ಈ ಪದ್ಧತಿ ನಮ್ಮದೊಂದೇ ಅಲ್ಲ. ಇಂಗ್ಲೆಂಡಿನಲ್ಲಿ ಪ್ರತಿ ಶೆಡ್ಡಿಗೂ ಒಂದು ಅಂಕಿ, ಒಂದು ಅಕ್ಷರದ ಗುರುತು. 1ಎ ಅಂದ್ರೆ ಲಂಡನ್ನಿನ ವಿಲ್ಸ್‌ಡನ್ ಶೆಡ್. ಅದನ್ನು ಕೆತ್ತಿದ ಮೊಟ್ಟೆಯಾಕಾರದ ಸಣ್ಣ ತಗಡು ಇಂಜಿನ್ನಿನ ಮುಂಬಾಗಿಲಿಗೇ ಬಡಿದಿರ್ತಿದ್ರು. ಅಲ್ಲಿನ ಹುಡುಗರು ಸ್ಟೇಷನ್ನಿನಲ್ಲಿ ನೋಟ್‌ಬುಕ್ ಹಿಡ್ಕೊಂಡು ಯಾವ ನಂಬರು, ಯಾವ ಶೆಡ್ಡು ಅಂತ ಬರ್ಕೊಳ್ತಿದ್ರು. 1942ರಿಂದ ಇಯಾನ್ ಆಲನ್ ಅನ್ನೋರು ಆ ನಂಬರುಗಳದ್ದೇ ಸಣ್ಣ ಪುಸ್ತಕ ಅಚ್ಚು ಹಾಕಿಸಿ ಮಾರಿದರು. 1968ಕ್ಕೆ ಅಲ್ಲಿ ಮುಖ್ಯ ಮಾರ್ಗಗಳಲ್ಲಿ ಉಗಿ ನಿಂತು ಹೋಯ್ತು. ಆದರೂ ಯಾವ ಇಂಜಿನ್ ಯಾವ ವರ್ಷ ಯಾವ ಶೆಡ್ಡಿನಲ್ಲಿತ್ತು ಅಂತ ಇವತ್ತೂ ಹೇಳಬಹುದು, ಹುಡುಗರು ಬರ್ಕೊಂಡಿದ್ರು ಅನ್ನೋ ಕಾರಣಕ್ಕೆ.

ಈಗ ನಮ್ಮ ಹಳಿಗೆ ಬರೋಣ. ಬೀರೂರಿಂದ ಶಿವಮೊಗ್ಗಕ್ಕೆ ಮೀಟರ್‌ಗೇಜ್ ರೈಲು ಬಂದಿದ್ದು 1899ರಲ್ಲಿ. ಸುಮಾರು ಅರವತ್ತು ಕಿಲೋಮೀಟರಿನ ಕವಲು ಮಾರ್ಗ. ಶಿವಮೊಗ್ಗದಿಂದ ಮುಂದೆ ಅರಸಾಳು, ಆನಂದಪುರ, ಸಾಗರ ದಾಟಿ ತಾಳಗುಪ್ಪದವರೆಗೆ ಹಳಿ ಮುಟ್ಟಿದ್ದು 1940ರ ಹೊತ್ತಿಗೆ. ಶಿವಮೊಗ್ಗ ಕೊನೇ ನಿಲ್ದಾಣ ಆಗಿದ್ದ ಕಾಲದಲ್ಲೂ, ಆಮೇಲೂ, ಇಲ್ಲಿಗೆ ಬಂದ ಇಂಜಿನ್ನಿಗೆ ನೀರು ಕುಡಿಸಬೇಕು, ಬೂದಿ ತೆಗೀಬೇಕು, ಅದರ ಜೊತೆ ಬಂದವರು ಮಲಗೋಕೆ ರನ್ನಿಂಗ್ ರೂಮ್ ಬೇಕು. ತಾತ ಶಿವಮೊಗ್ಗಕ್ಕೆ ಬಂದ್ರೆ ಇಲ್ಲೇ ರಾತ್ರಿ ಕಳೀತಿದ್ರು. ಅಕ್ಕಿ, ಬೇಳೆ, ಒಂದು ಸಣ್ಣ ಕರೀ ಟ್ರಂಕು ಜೊತೆಯಲ್ಲೇ ಇರ್ತಿತ್ತು. ಆ ಟ್ರಂಕ್ ಈಗ ನಮ್ಮ ಮನೆಯಲ್ಲಿದೆ, ಅದರೊಳಗೆ ನನ್ನ ಮೈಕಿನ ವೈರುಗಳು.

ಇದೇ ಹಳಿ ಮೇಲೆ ಇನ್ನೊಂದು ಊರು ಹುಟ್ಟಿತು. ಆಗ ಅದರ ಹೆಸರು ಬೆಂಕಿಪುರ. ಈಗ ನಾನು ಕೂತಿರೋ ಊರು, ಭದ್ರಾವತಿ. ಮೈಸೂರು ಕಬ್ಬಿಣದ ಕಾರ್ಖಾನೆಯ ಕೆಲಸ ಇಲ್ಲಿ 1918ರಲ್ಲಿ ಶುರುವಾಯ್ತು, 1923ರಲ್ಲಿ ಕಬ್ಬಿಣ ಹರೀತು. ಸರ್ ಎಂ. ವಿಶ್ವೇಶ್ವರಯ್ಯನವರು ಅದರ ಉಸ್ತುವಾರಿ ವಹಿಸಿಕೊಂಡಿದ್ದು ಆ 1923ರಲ್ಲೇ. ಇದೇ ಊರು ಯಾಕೆ? ಪಕ್ಕದಲ್ಲಿ ಭದ್ರಾ ನದಿ, ಸುತ್ತ ಕಾಡು, ಆಚೆ ಬೆಟ್ಟದಲ್ಲಿ ಅದಿರು, ಮತ್ತೆ ಮುಖ್ಯವಾಗಿ ಹತ್ತಿರದಲ್ಲೇ ಹಾದುಹೋಗೋ ರೈಲು. ಆಗ ಇಲ್ಲಿನ ಕುಲುಮೆಗೆ ಕಲ್ಲಿದ್ದಲಲ್ಲ, ಕಾಡಿನ ಸೌದೆ ಸುಟ್ಟು ಮಾಡಿದ ಇದ್ದಿಲು. ಕೆಮ್ಮಣ್ಣುಗುಂಡಿಯ ಅದಿರು ರೋಪ್‌ವೇನಲ್ಲಿ ಬೆಟ್ಟ ಇಳಿದು, ಟ್ರಾಮ್‌ವೇ ಹಳಿ ಮೇಲೆ ಕಾರ್ಖಾನೆಗೆ ಬರ್ತಿತ್ತು. ಎರಡಡಿ ಅಗಲದ ಪುಟ್ಟ ಹಳಿ, ಅದರ ಮೇಲೆ ಪುಟ್ಟ ಉಗಿ ಇಂಜಿನ್‌ಗಳು.

ಈ ಪುಟ್ಟ ಇಂಜಿನ್‌ಗಳೂ ಹಂಡೆಗಳೇ ತಾನೆ? ಅವಕ್ಕೂ ರಾತ್ರಿ ಬೆಂಕಿ ಹಾಕಬೇಕು, ಅವಕ್ಕೂ ವಾಷ್‌ಔಟ್, ಅವಕ್ಕೂ ಫಿಟ್ಟರ್. ಅರಸೀಕೆರೆ ಶೆಡ್ಡಿನಲ್ಲಿ ಕಲಿತ ಕೆಲಸಕ್ಕೂ ಇಲ್ಲಿನ ಕಾರ್ಖಾನೆಯಲ್ಲಿ ಕಲಿತ ಕೆಲಸಕ್ಕೂ ಅಂಥ ವ್ಯತ್ಯಾಸ ಇರಲಿಲ್ಲ. ಒಂದು ಊರಿನಲ್ಲಿ ಯಂತ್ರ ಮನೆ ಮಾಡಿಕೊಂಡರೆ ಅದರ ಸುತ್ತ ಕೈಗಳು ತಯಾರಾಗ್ತವೆ. ಲೇತ್ ತಿರುಗಿಸೋನು, ರಿವೆಟ್ ಹೊಡೆಯೋನು, ಅಚ್ಚು ಹೊಯ್ಯೋನು. ಅವರ ಮಕ್ಕಳಿಗೆ ಒಂದು ಶಾಲೆ, ಅವರ ಮನೆಗೆ ಸಾಲ ಕೊಡೋ ದಿನಸಿ ಅಂಗಡಿ, ಸಂಬಳದ ಮಾರನೇ ದಿನ ತುಂಬೋ ಸಿನಿಮಾ ಟಾಕೀಸು. ಹಳೇ ಭದ್ರಾವತಿಯವರನ್ನ ಕೇಳಿ, ಕಾರ್ಖಾನೆ ಸೈರನ್ನಿಗೆ ಗಡಿಯಾರ ಸರಿಮಾಡ್ಕೊಳ್ತಿದ್ವಿ ಅಂತಾರೆ.

ಈಗ ಲೆಕ್ಕದ ಇನ್ನೊಂದು ಬದಿ ನೋಡೋಣ. ನಾನು ಉಗಿ ಇಂಜಿನ್ ವಾಪಸ್ ಬರಲಿ ಅಂತ ಹೇಳೋಕೆ ಬಂದಿಲ್ಲ. ಶೆಡ್ಡಿನ ಕೆಲಸ ಸುಖದ್ದಲ್ಲ. ಇನ್ನೂ ಬಿಸಿ ಆರದ ಒಲೆಯ ಒಳಗೆ ಮನುಷ್ಯ ಹೊಕ್ಕು ಕೆಲಸ ಮಾಡೋದು, ಮಸಿ ಕುಡಿಯೋದು. ಬಾಯ್ಲರಿನಲ್ಲಿ ನೀರಿನ ಮಟ್ಟ ಇಳಿದರೆ ಅಪಾಯ ಅಂತ ಒಲೆಯ ಮೇಲ್ಛಾವಣಿಗೆ ಸೀಸದ ಬಿರಡೆ ಹಾಕಿರ್ತಿದ್ರು. ನೀರು ಕಮ್ಮಿ ಆದರೆ ಸೀಸ ಕರಗಿ, ಉಗಿ ನುಗ್ಗಿ ಬೆಂಕಿ ಮೇಲೆ ಬೀಳ್ತಿತ್ತು. ಅದು ಕರಗಿತು ಅಂದ್ರೆ ಡ್ರೈವರಿಗೆ ಆ ದಿನ ಗಂಡಾಂತರ, ಮಾರನೇ ದಿನ ವಿಚಾರಣೆ. ತಾತನ ಮುಂಗೈ ಮೇಲೆ ಒಂದು ಕೂದಲೂ ಇರಲಿಲ್ಲ. ಮೊಮ್ಮಕ್ಕಳು ಯಾರೂ ಆ ಕೆಲಸಕ್ಕೆ ಹೋಗೋದು ಬೇಡ ಅಂತ ಅವರೇ ಹೇಳ್ತಿದ್ರು.

ಹಣದ ಲೆಕ್ಕವೂ ಹಾಗೇ. ಉಗಿ ಇಂಜಿನ್‌ನಲ್ಲಿ ವೈಪಿ ಅಂದ್ರೆ ಪ್ಯಾಸೆಂಜರ್, ವೈಜಿ ಅಂದ್ರೆ ಗೂಡ್ಸ್. ಮೊದಲ ಅಕ್ಷರ ವೈ ಅಂದ್ರೆ ಮೀಟರ್‌ಗೇಜ್. 1960ರ ದಶಕದಲ್ಲಿ ವೈಡಿಎಂ4 ಅನ್ನೋ ಡೀಸೆಲ್ ಇಂಜಿನ್ ಬಂತು. ಅದಕ್ಕೆ ರಾತ್ರಿಯೆಲ್ಲ ಬೆಂಕಿ ಕಾಯಬೇಕಿಲ್ಲ, ಬೂದಿ ಇಲ್ಲ, ದಾರಿಯಲ್ಲಿ ನೀರು ಕುಡಿಸೋ ಕೆಲಸ ಇಲ್ಲ, ಟರ್ನ್‌ಟೇಬಲ್ ಬೇಡ. ಒಂದು ದೊಡ್ಡ ಶೆಡ್ ಇದ್ದರೆ ನೂರಾರು ಕಿಲೋಮೀಟರ್ ಸುತ್ತಳತೆಗೆ ಸಾಕು. ಉಗಿ ಇಂಜಿನ್ ದಿನದ ಎಷ್ಟೋ ಹೊತ್ತು ಶೆಡ್ಡಿನಲ್ಲಿ ನಿಂತಿದ್ದರೆ ಡೀಸೆಲ್ ಆ ಹೊತ್ತಿನಲ್ಲೂ ದುಡೀತಿತ್ತು. ಬಿಕಾಂ ಮೊದಲ ವರ್ಷದ ಹುಡುಗನಿಗೆ ಈ ಎರಡರ ವೆಚ್ಚಪಟ್ಟಿ ಕೊಡಿ, ಅರ್ಧ ಗಂಟೆಯಲ್ಲಿ ಉಗಿ ನಿಲ್ಲಿಸಿ ಅಂತ ಬರೆದು ಕೊಡ್ತಾನೆ. ನಾನೂ ಅದನ್ನೇ ಬರೀತಿದ್ದೆ. 1990ರ ದಶಕದಲ್ಲಿ ನಮ್ಮ ಹಳಿಯೇ ಬ್ರಾಡ್‌ಗೇಜ್ ಆಯ್ತು. ದೇಶದಲ್ಲಿ ಬ್ರಾಡ್‌ಗೇಜಿನ ನಿತ್ಯದ ಉಗಿ ರೈಲು ನಿಂತಿದ್ದು 1995ರಲ್ಲಿ. ಶಿವಮೊಗ್ಗ ತಾಳಗುಪ್ಪ ಮಾರ್ಗ ಮಾತ್ರ ಮೀಟರ್‌ಗೇಜಾಗಿ ಇನ್ನೂ ಉಳಿದಿತ್ತು, ರೈಲು ಬಸ್ ಓಡಾಡ್ತಿತ್ತು, 2011ರಲ್ಲಿ ಅಲ್ಲಿಗೂ ಬ್ರಾಡ್‌ಗೇಜ್ ಮುಟ್ಟಿತು.

ಹಾಗಾದ್ರೆ ತಪ್ಪೇನಾಯ್ತು? ರೈಲ್ವೆಯ ಲೆಕ್ಕದಲ್ಲಿ ತಪ್ಪೇನೂ ಇಲ್ಲ. ಆದರೆ ಒಂದು ಮಾತು ಗಮನಿಸಿ. ಶೆಡ್ ಮುಚ್ಚಿದಾಗ ಆದ ಉಳಿತಾಯ ರೈಲ್ವೆಯ ಪುಸ್ತಕದಲ್ಲಿ ಬಿತ್ತು. ಅದರಿಂದ ಆದ ನಷ್ಟ ಊರಿನ ಪುಸ್ತಕದಲ್ಲಿ ಬೀಳಬೇಕಿತ್ತು. ಊರಿಗೆ ಪುಸ್ತಕವೇ ಇಲ್ಲ. ಶೆಡ್ಡಿನವರಿಗೆ ರೈಲ್ವೆ ಬೇರೆ ಕಡೆ ಕೆಲಸ ಕೊಟ್ಟಿತು, ವರ್ಗ ಆಗಿ ಹೋದರು. ಊರನ್ನ ಯಾರೂ ವರ್ಗ ಮಾಡೋಕೆ ಆಗಲ್ಲವಲ್ಲ. ದಿನಸಿ ಅಂಗಡಿಯವನ ಸಾಲದ ಪುಸ್ತಕದಲ್ಲಿ ಹೆಸರುಗಳು ಕಮ್ಮಿ ಆದವು. ಕೆಲಸ ಕಲಿಯೋಕೆ ಬರ್ತಿದ್ದ ಹುಡುಗರು ಬೆಂಗಳೂರಿನ ರೈಲು ಹತ್ತಿದರು. ಅದನ್ನು ಯಾವ ಆಡಿಟರೂ ನೋಡಲ್ಲ.

ಭದ್ರಾವತಿಯವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಎಂಪಿಎಂ ಕಾಗದದ ಕಾರ್ಖಾನೆ, 1936ರಲ್ಲಿ ಶುರುವಾದದ್ದು, 2015ರಲ್ಲಿ ಉತ್ಪಾದನೆ ನಿಲ್ಲಿಸಿತು. ವಿಐಎಸ್‌ಎಲ್ 1998ರಲ್ಲಿ ಸೇಲ್ ಜೊತೆ ವಿಲೀನ ಆಯ್ತು, 2023ರ ಜನವರಿಯಲ್ಲಿ ಅದನ್ನ ಮುಚ್ಚೋ ತೀರ್ಮಾನ ಹೊರಬಿತ್ತು. ಗುತ್ತಿಗೆ ಕಾರ್ಮಿಕರು ಧರಣಿ ಕೂತರು, ಅದೇ ವರ್ಷ ಬಾರ್ ಮಿಲ್ಲಿನಲ್ಲಿ ಮತ್ತೆ ಕೆಲಸ ಶುರುವಾಯ್ತು. ಅಲ್ಲಿಂದ ಈಚೆಗೆ ಈ ಊರು ಪ್ರತಿ ಬಜೆಟ್ಟಿಗೂ ಕಿವಿ ಕೊಟ್ಟು ಕೂತಿರುತ್ತೆ. ಕಾರ್ಖಾನೆಗೆ ಲಾಭ ಬರುತ್ತೋ ಇಲ್ವೋ ಅನ್ನೋದು ನ್ಯಾಯವಾದ ಪ್ರಶ್ನೆಯೇ. ಆದರೆ ಆ ಪ್ರಶ್ನೆಗೆ ಉತ್ತರ ಬರೆಯೋ ಪುಸ್ತಕದಲ್ಲಿ ಊರಿನ ಕಾಲಂ ಇರಲ್ಲ ಅನ್ನೋದಷ್ಟೇ ನನ್ನ ಮಾತು.

ಈಗ ಶುರುವಿನ ಪ್ರಶ್ನೆಗೆ ವಾಪಸ್ ಬರೋಣ. ನಮ್ಮೂರಿಂದ ಇನ್ನಷ್ಟು ರೈಲು ಯಾಕಿಲ್ಲ?

ಮುಂದಿನ ಸಲ ಶಿವಮೊಗ್ಗ ಸ್ಟೇಷನ್ನಿಗೆ ಹೋದಾಗ ಇಂಜಿನ್ನಿನ ಪಕ್ಕಕ್ಕೆ ಹೋಗಿ ನೋಡಿ. ಮೈಮೇಲೆ ಒಂದು ಗುರುತು ಬರೆದಿರುತ್ತೆ. ಕೆಜೆಎಂ ಅಂತಿದ್ರೆ ಅದು ಬೆಂಗಳೂರಿನ ಕೃಷ್ಣರಾಜಪುರದ ಶೆಡ್ಡಿನದು, ಯುಬಿಎಲ್ ಅಂತಿದ್ರೆ ಹುಬ್ಬಳ್ಳಿಯದು. ಡೀಸೆಲ್ ಆಗಲಿ, ಕರೆಂಟ್ ಆಗಲಿ, ಇಂಜಿನ್ನಿಗೆ ಇವತ್ತಿಗೂ ಮನೆ ಇದೆ. ಬೋಗಿಗಳಿಗೂ ಇದೆ. ಒಂದು ರೈಲಿನ ಬೋಗಿಗಳ ಸಾಲು ಯಾವುದೋ ಒಂದು ಡಿಪೋಗೆ ಸೇರಿರುತ್ತೆ. ಅಲ್ಲಿ ಹಳಿ ಕೆಳಗೆ ಇಳಿದು ನೋಡೋ ಹಾಗೆ ಗುಂಡಿ ಇರೋ ಪಿಟ್ ಲೈನ್ ಇರಬೇಕು. ಚಕ್ರ, ಬ್ರೇಕು, ನೀರು, ಬ್ಯಾಟರಿ ಎಲ್ಲ ಅಲ್ಲಿ ಪರೀಕ್ಷೆ ಆಗಿ, ಸರಿ ಇದೆ ಅಂತ ಸಹಿ ಬಿದ್ದ ಮೇಲೇ ಗಾಡಿ ಹೊರಡೋದು. ಆ ವ್ಯವಸ್ಥೆ ಇಲ್ಲದ ಊರಿಗೆ ರೈಲು ನೆಂಟರ ಹಾಗೆ ಬಂದು ಹೋಗುತ್ತೆ. ಹೊಸ ರೈಲು ಬಿಡಿ ಅಂದ್ರೆ ಮೊದಲು ಬರೋ ಮಾತು: ಅದನ್ನ ಎಲ್ಲಿ ನಿಲ್ಲಿಸೋದು, ಎಲ್ಲಿ ತೊಳೆಯೋದು, ಯಾರು ನೋಡಿಕೊಳ್ಳೋದು? ಬೆಂಗಳೂರು, ಮೈಸೂರಿನ ಡಿಪೋಗಳು ತುಂಬಿ ತುಳುಕ್ತಿವೆ.

2023ರ ಫೆಬ್ರವರಿ 27ರಂದು, ಶಿವಮೊಗ್ಗ ವಿಮಾನ ನಿಲ್ದಾಣ ಉದ್ಘಾಟನೆ ಆದ ದಿನವೇ, ಪ್ರಧಾನಿ ಮೋದಿ ಎರಡು ರೈಲ್ವೆ ಕಾಮಗಾರಿಗೆ ಅಡಿಗಲ್ಲು ಹಾಕಿದರು. ಒಂದು ಶಿವಮೊಗ್ಗ, ಶಿಕಾರಿಪುರ, ರಾಣೆಬೆನ್ನೂರು ಹೊಸ ಮಾರ್ಗ. ಇನ್ನೊಂದು ಕೋಟೆಗಂಗೂರಿನಲ್ಲಿ ಬೋಗಿಗಳ ಡಿಪೋ, ನೂರು ಕೋಟಿಗೂ ಮೀರಿದ ಯೋಜನೆ. ಅವತ್ತು ಎಲ್ಲರ ಕಣ್ಣು ವಿಮಾನದ ಮೇಲೆ. ನನ್ನ ಕಣ್ಣೂ ಅಲ್ಲೇ ಇತ್ತು, ಸುಳ್ಳು ಯಾಕೆ ಹೇಳಲಿ. ಡಿಪೋ ಅನ್ನೋ ಪದ ಪೇಪರಿನ ಕೊನೇ ಪ್ಯಾರಾದಲ್ಲಿತ್ತು. ಈಗ ಅನ್ನಿಸುತ್ತೆ, ಈ ಊರಿನ ಮಟ್ಟಿಗೆ ಅವತ್ತಿನ ದೊಡ್ಡ ಸುದ್ದಿ ಅದೇ. ಇಂಜಿನ್ ಶೆಡ್ ಅಲ್ಲ ಅದು, ಬೋಗಿಗಳ ಡಿಪೋ. ಆದರೂ ರಿಜಿಸ್ಟರಿನ ಲೊಕೇಶನ್ ಕಾಲಂನಲ್ಲಿ ಶಿವಮೊಗ್ಗ ಅಂತ ಬರೆಯೋಕೆ ಅದೊಂದು ಜಾಗ. ನಿಮ್ಮ ಪ್ರತಿನಿಧಿಗಳು ಸಿಕ್ಕಾಗ ಹೊಸ ರೈಲು ಯಾವಾಗ ಅಂತ ಕೇಳೋ ಜೊತೆಗೆ ಇದನ್ನೂ ಕೇಳಿ: ಡಿಪೋದಲ್ಲಿ ಎಷ್ಟು ಗಾಡಿ ನಿಲ್ಲುತ್ತೆ, ಕೆಲಸ ಕಾಯಂ ಜನರಿಗೋ ಗುತ್ತಿಗೆಗೋ, ನಮ್ಮ ಐಟಿಐ ಹುಡುಗರಿಗೆ ಅಲ್ಲಿ ಅಪ್ರೆಂಟಿಸ್ ಸಿಗುತ್ತೋ? ಇವು ಊರಿನ ಪುಸ್ತಕದ ಪ್ರಶ್ನೆಗಳು, ನಾವೇ ಕೇಳಬೇಕು.

ಕೊನೆಯದಾಗಿ ಒಂದು ಕೆಲಸ ಕೊಡ್ತೀನಿ ನಿಮಗೆ.

ಅರಸಾಳು ಸ್ಟೇಷನ್ನಿನ ಹಳೇ ಕಟ್ಟಡ ಇವತ್ತು ಮಾಲ್ಗುಡಿ ಮ್ಯೂಸಿಯಂ ಆಗಿದೆ, 2020ರಲ್ಲಿ ಮಾಡಿದ್ದು. ಶಂಕರ್ ನಾಗ್ ಮಾಲ್ಗುಡಿ ಡೇಸ್ ತೆಗೆದಾಗ ಮಾಲ್ಗುಡಿಯ ರೈಲ್ವೆ ಸ್ಟೇಷನ್ ಆಗಿದ್ದು ಅದೇ. ಮೈಸೂರಿನ ರೈಲ್ವೆ ಮ್ಯೂಸಿಯಂ 1979ರದ್ದು, ಅಲ್ಲಿ ಇಂಜಿನ್‌ಗಳಿವೆ, ಮಹಾರಾಣಿಯವರ ಬೋಗಿ ಇದೆ. ಎರಡೂ ಚೆನ್ನಾಗಿವೆ, ಮಕ್ಕಳನ್ನ ಕರ್ಕೊಂಡು ಹೋಗಿ. ಆದರೆ ಬೂದಿ ಗುಂಡಿಗೆ ಯಾರು ಮ್ಯೂಸಿಯಂ ಮಾಡ್ತಾರೆ? ಕಾಲ್‌ಬಾಯ್ ಹಿಡ್ಕೊಂಡು ಬರ್ತಿದ್ದ ಸಹಿ ಪುಸ್ತಕ ಯಾವ ಗಾಜಿನ ಪೆಟ್ಟಿಗೆಯಲ್ಲಿದೆ? ಇಂಗ್ಲೆಂಡಿನಲ್ಲಿ ಹುಡುಗರು ಬರ್ಕೊಂಡ್ರು ಅಂತ ಹೇಳಿದ್ನಲ್ಲ, ನಮ್ಮಲ್ಲಿ ಬರ್ಕೊಂಡವರು ಕಮ್ಮಿ. ನಮ್ಮ ರಿಜಿಸ್ಟರ್ ಏನಿದ್ರೂ ಜನರ ತಲೆಯೊಳಗೇ ಇದೆ. ಉಗಿ ಇಂಜಿನ್ ಕೆಲಸ ಮಾಡಿದವರಲ್ಲಿ ಕಿರಿಯರಿಗೂ ಈಗ ಅರವತ್ತು, ಎಪ್ಪತ್ತು ದಾಟಿದೆ.

ನಿಮ್ಮ ಮನೆಯಲ್ಲಿ, ಬೀದಿಯಲ್ಲಿ ಅಂಥವರಿದ್ದರೆ ಹೋಗಿ ಕೂತ್ಕೊಳ್ಳಿ. ಫೋನ್ ಮೇಜಿನ ಮೇಲಿಡಿ, ಕೈಯಲ್ಲಿ ಹಿಡೀಬೇಡಿ. ಒಪ್ಪಿಗೆ ಕೇಳಿ. "ಹಳೇ ಕಾಲದ ಬಗ್ಗೆ ಹೇಳಿ" ಅನ್ನಬೇಡಿ, ಹಾಗೆ ಕೇಳಿದ್ರೆ "ಏನಿದೆ ಹೇಳೋಕೆ" ಅಂತ ಸುಮ್ಮನಾಗ್ತಾರೆ. ಸಣ್ಣ ಪ್ರಶ್ನೆ ಕೇಳಿ. ನಿಮ್ಮ ಇಂಜಿನ್ ನಂಬರ್ ಏನು? ಯಾವ ಶೆಡ್ಡಿನದು? ರಾತ್ರಿ ಬೆಂಕಿ ಹಾಕೋನ ಹೆಸರೇನು? ರನ್ನಿಂಗ್ ರೂಮಿನಲ್ಲಿ ಅಡುಗೆ ಯಾರು ಮಾಡ್ತಿದ್ರು? ಮೊದಲ ಸಂಬಳದಲ್ಲಿ ಏನು ತಗೊಂಡ್ರಿ? ಕಾರ್ಖಾನೆಯವರಾದ್ರೆ, ಮೊದಲ ದಿನ ನಿಮಗೆ ಕೆಲಸ ಹೇಳಿಕೊಟ್ಟೋರು ಯಾರು? ಮನೆಯ ಹೆಂಗಸರನ್ನೂ ಕೇಳಿ. ರಾತ್ರಿ ಎರಡಕ್ಕೆ ಎದ್ದು ಬುತ್ತಿ ಕಟ್ಟಿದವರು ಅವರು.

ನಾನು ಇದ್ಯಾವುದನ್ನೂ ಕೇಳಲಿಲ್ಲ. ಎಷ್ಟು ದೂರ ಹೋಗಿದ್ರಿ ಅಂತ ಕೇಳಿದೆ. ತಾತನ ಇಂಜಿನ್ ನಂಬರ್ ನನಗೆ ಗೊತ್ತಿಲ್ಲ. ರೆಕಾರ್ಡಿಂಗ್‌ನ ಕೊನೆಯಲ್ಲಿ ಅವರು, "ನಂದೊಂದು ಇಂಜಿನ್ ಇತ್ತು ಕಣಪ್ಪ, ಅದರ ನಂಬರು..." ಅಂತ ಶುರು ಮಾಡ್ತಾರೆ. ಅಷ್ಟರಲ್ಲಿ ಅಜ್ಜಿ ಊಟಕ್ಕೆ ಕರೀತಾರೆ. ನಾನು "ಆಮೇಲೆ ತಾತ" ಅಂತ ಹೇಳಿ ರೆಕಾರ್ಡಿಂಗ್ ಆಫ್ ಮಾಡ್ತೀನಿ. ಅದೂ ರೆಕಾರ್ಡ್ ಆಗಿದೆ.

ನೀವು ಮಾತಾಡಿಸಿದ್ದನ್ನ ನನಗೆ ಕಳಿಸಿ, ಮುಂದೊಂದು ಸಂಚಿಕೆಯಲ್ಲಿ ಎಲ್ಲರೂ ಕೇಳೋ ಹಾಗೆ ಮಾಡ್ತೀನಿ. ಕಳಿಸದಿದ್ರೂ ಪರವಾಗಿಲ್ಲ, ಮನೆಯಲ್ಲಿ ಇಟ್ಕೊಳ್ಳಿ. ಊಟಕ್ಕೆ ಕರೆದರೆ ಐದು ನಿಮಿಷ ಕಾಯೋಕೆ ಹೇಳಿ.

ಮುಂದಿನ ವಾರ ಸಿಗೋಣ. ನಮಸ್ಕಾರ.